ಬ್ಯಾಬ್ಲಿಂಗ್‌ಗೆ ಕನ್ನಡ ಪದ: ‘ತೊದಲು’ ಸರಿಯೇ? (ತುರ್ತು)

ಎಲ್ಲರಿಗೂ ನಮಸ್ಕಾರ. ಅಂಗನವಾಡಿಗಳಿಗೆ ಕೊಡುವ, ಮಗುವಿನ ಮಾತಿನ ಬೆಳವಣಿಗೆ ತೋರಿಸುವ ಗೋಡೆಪಟ ನಾಳೆ ಅಚ್ಚಿಗೆ ಹೋಗಬೇಕು. 2–3 ತಿಂಗಳ ಕೂಯಿಂಗ್‌ಗೆ ‘ಊ, ಆ ಎಂದು ಗುನುಗುವುದು’ ಎಂದು ಹಾಕಿದ್ದೇನೆ. 6–10 ತಿಂಗಳ ಬ್ಯಾಬ್ಲಿಂಗ್‌ಗೆ, ಅಂದರೆ ‘ಬಬಬ’ ಎಂದು ಅಕ್ಷರಗಳನ್ನು ಮತ್ತೆ ಮತ್ತೆ ಆಡುವುದಕ್ಕೆ, ಕರಡಿನಲ್ಲಿ ‘ತೊದಲು’ ಎಂದಿದೆ. ಉಳಿಸಿಕೊಳ್ಳಲೇ?

———

ಬೇಡ. ತೊದಲು ಮಾತು ಬಂದ ಮೇಲಿನದು. ಕುದುರೆ ‘ಕುದುಲೆ’ ಆಗುವುದು, ರೈಲು ‘ಲೈಲು’ ಆಗುವುದು ತೊದಲು. ಅಲ್ಲಿ ಮಗುವಿನ ಮನಸ್ಸಿನಲ್ಲಿ ಪದ ಇದೆ, ನಾಲಿಗೆ ಹೊರಳುತ್ತಿಲ್ಲ. ಬ್ಯಾಬ್ಲಿಂಗ್‌ನಲ್ಲಿ ಪದವೇ ಇಲ್ಲ. ಆದರೆ ‘ಬಬಬ’, ‘ದದದ’ ಎಂಬ ಅಕ್ಷರಗಳು ಸ್ಪಷ್ಟ, ವ್ಯಂಜನಕ್ಕೆ ಸ್ವರ ಕೂಡಿಯೇ ಬರುತ್ತದೆ. ಇನ್ನೊಂದು ತೊಂದರೆ, ಉಗ್ಗುವುದನ್ನೂ ಜನ ತೊದಲುವುದು ಅಂತಲೇ ಅನ್ನುತ್ತಾರೆ. ಮೂರು ವರ್ಷದ ಮಗು ಉಗ್ಗಿದಾಗ ಈ ಪಟ ತೋರಿಸಿ ‘ಇದು ಸಹಜ’ ಎಂದುಬಿಟ್ಟರೆ?

———

‘ಉಲಿಯಾಟ’ ಎಂದು ಹಾಕಿ. ‘ಉಲಿ’ ಎಂದರೆ ದನಿ, ಅಚ್ಚಗನ್ನಡ, ಹಳಗನ್ನಡದಿಂದ ಬಂದದ್ದು. ಚರ್ಚೆಗೆ ಏನೂ ಉಳಿದಿಲ್ಲ.

———

ಉಳಿದಿದೆ. ಹಕ್ಕಿಯದೂ ಉಲಿ, 2 ತಿಂಗಳ ಗುನುಗೂ ಉಲಿ. ಎರಡು ಸಾಲಿಗೂ ಹೊಂದುವ ಪದ ಇಟ್ಟರೆ ಪಟವೇ ಕೆಟ್ಟಿತು. ತಮಿಳಿನಲ್ಲಿ ‘ಮೞಲೈ’ ಇದೆ, ಕುರಳಿನ ಕಾಲದಿಂದಲೂ. ನಮ್ಮಲ್ಲಿ ೞಕಾರ ಳಕಾರವಾಯಿತಲ್ಲ, ‘ಮಳಲೆ’ ಎಂದು ತರಬಹುದು. ಸೋದರ ನುಡಿಯಿಂದ ತಂದರೆ ಎರವಲು ಅನ್ನಿಸದು.

———

ಎರವಲು ಎರವಲೇ. ಮಳಲು ಎಂದರೆ ಮರಳು, ಓದಿದವರು ಅದನ್ನೇ ನೆನೆಯುತ್ತಾರೆ. ಮೇಲಾಗಿ ಮೞಲೈ ಕೂಡ ಮಗುವಿನ ಮುದ್ದುಮಾತು, ಅಂದರೆ ತೊದಲಿನ ದೋಷವೇ ಅದಕ್ಕೂ ಇದೆ. ವಾಕ್ ಚಿಕಿತ್ಸಕರ ಬಾಯಲ್ಲಿ ‘ಬ್ಯಾಬ್ಲಿಂಗ್’ ಓಡಾಡುತ್ತಿದೆ, ಹಾಗೇ ಬರೆಯಿರಿ. ಬಸ್ಸು, ಪೆನ್ನು ಬರೆಯುವಾಗ ಇಲ್ಲದ ಮಡಿ ಇಲ್ಲಿ ಏಕೆ?

———

ಬಸ್ಸನ್ನು ಕಣ್ಣಿಂದ ಕಂಡು ಪದ ಕಲಿತರು. ಬ್ಯಾಬ್ಲಿಂಗ್ ಎಂದು ಬರೆದರೆ ಅಜ್ಜಿಗೆ ಏನು ಕಾಣುತ್ತದೆ? ಅದು ಬೇಡ ಎನ್ನುವುದಾದರೆ ‘ಅರ್ಥವಿಲ್ಲದ ಸದ್ದು’ ಎಂದರಾಯಿತು.

———

ಅದಂತೂ ಬೇಡವೇ ಬೇಡ. ಈ ಸದ್ದಿಗೂ ಮುಂದಿನ ಮಾತಿಗೂ ಸಂಬಂಧವಿಲ್ಲ ಎಂದು ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ 1941ರಲ್ಲಿ ವಾದಿಸಿದ್ದರು. ಮಕ್ಕಳ ದನಿ ಮುದ್ರಿಸಿಕೊಂಡು ನೋಡಿದ ಮೇಲೆ ಅದು ನಿಲ್ಲಲಿಲ್ಲ: ಮಗು ಹೆಚ್ಚಾಗಿ ಆಡಿದ ಅಕ್ಷರಗಳೇ ಅದರ ಮೊದಲ ಪದಗಳಲ್ಲೂ ಬರುತ್ತವೆ. ‘ಉಲಿ’ಯೂ ಪೂರ್ತಿ ಹೊಂದದು. ಸನ್ನೆಭಾಷೆಯ ಮನೆಯ ಕಿವುಡು ಕೂಸುಗಳು ಇದನ್ನು ಕೈಯಲ್ಲಿ ಆಡುತ್ತವೆ ಎಂದು 1991ರಲ್ಲಿ ಸಂಶೋಧಕರಾದ ಪೆಟಿಟೊ ಮತ್ತು ಮಾರೆಂಟೆಟ್ ತೋರಿಸಿದರು.

ಪಟದ ಈ ಸಾಲು ಮುಖ್ಯವಾಗುವುದು ಕಿವಿಯ ಕಾರಣಕ್ಕೆ. ಕಿವಿ ಕೇಳಿಸದ ಮಗುವೂ ಗುನುಗುತ್ತದೆ, ಹಾಗಾಗಿ ಮನೆಯವರಿಗೆ ಅನುಮಾನ ಬರುವುದಿಲ್ಲ. ‘ಬಬಬ’ ಮಾತ್ರ ತಡವಾಗುತ್ತದೆ. ಆದ್ದರಿಂದ ಪದ ಹುಡುಕುವುದು ಬಿಟ್ಟು ಸದ್ದನ್ನೇ ಬರೆಯಿರಿ. ಉದಾಹರಣೆಗೆ ‘ಮಮಮ’ ಕೊಡಬೇಡಿ. ಅದನ್ನು ‘ಅಮ್ಮ’ ಎಂದೇ ಲೆಕ್ಕ ಹಿಡಿದು 12 ತಿಂಗಳ ‘ಮೊದಲ ಪದ’ದ ಸಾಲಿಗೂ ಗುರುತು ಹಾಕಿಬಿಡುತ್ತಾರೆ.

———

ಉಪಕಾರವಾಯಿತು. ಹೀಗೆ ಕಳಿಸುತ್ತಿದ್ದೇನೆ: ‘6–10 ತಿಂಗಳು: ಬಬಬ, ದದದ ಎಂದು ಅಕ್ಷರ ಸಾಲುಗಟ್ಟಿ ಆಡುತ್ತದೆ. 10 ತಿಂಗಳು ತುಂಬಿದರೂ ಆಡದಿದ್ದರೆ ಕಿವಿ ಪರೀಕ್ಷೆ ಮಾಡಿಸಿ.’

———

ಸಾಲು ಸರಿ. ಆದರೆ ಪಠ್ಯಪುಸ್ತಕಕ್ಕೆ ಹೆಸರು ಬೇಕೇ ಬೇಕಲ್ಲ? ಅಲ್ಲಿ ಉಲಿಯಾಟವೇ ಸರಿ. ಕಿವುಡು ಕೂಸುಗಳ ಕೈಯಾಟಕ್ಕೆ ‘ಕೈಯುಲಿ’ ಎನ್ನಿ.