ರೀಕಾಲ್ ಪತ್ರ ಬಂದಿಲ್ಲ ಎಂದರೆ ಕಾರು ಸರಿ ಉಂಟು ಎಂದೇ?

ಪ್ರಶ್ನೆ (ಬದಿಯಡ್ಕದ ಸದಸ್ಯೆ): ಅಣ್ಣಾ, ನಮ್ಮಲ್ಲಿ 2012ರ ಮಾಡೆಲ್ ಕಾರು ಉಂಟು. ಮಂಗಳೂರಿನವರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಕೆಎ 19 ಇದ್ದದ್ದನ್ನು ಕೆಎಲ್ 14 ಮಾಡಿಸಿದ್ದೇವೆ. ಏರ್‌ಬ್ಯಾಗ್ ತೆರೆಯುವಾಗ ಲೋಹದ ಚೂರು ಸಿಡಿಯುವ ಕಾರುಗಳನ್ನು ಕಂಪನಿಗಳು ರೀಕಾಲ್ ಮಾಡಿವೆ, ಅಂದರೆ ದೋಷ ಸರಿಮಾಡಲು ವಾಪಸ್ ಕರೆಸಿವೆ ಎಂದು ತಮ್ಮ ಹೇಳಿದ. ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ "ಪತ್ರ ಬಂದಿಲ್ಲ ಅಲ್ವಾ, ಹಾಗಾದ್ರೆ ಏನೂ ಇಲ್ಲ" ಎಂದರು. ಆದರೆ ಏರ್‌ಬ್ಯಾಗ್ ಲೈಟ್ ಆಗಾಗ ಹತ್ತುತ್ತದೆ. ಇದು ಅದೇ ತೊಂದರೆಯಾ? ಕೇರಳ ನಂಬರ್ ಆದ ಮೇಲೆ ಮಂಗಳೂರಿನಲ್ಲಿ ಮಾಡಿಕೊಡುತ್ತಾರಾ?

ಉತ್ತರ (ಕುಂಬಳೆಯಲ್ಲಿ ವರ್ಕ್‌ಶಾಪ್ ನಡೆಸುವ ಸದಸ್ಯರು): ಅಕ್ಕಾ, ಪತ್ರದ ಮಾತು ನಂಬಬೇಡಿ. ಕಂಪನಿ ಪತ್ರ ಕಳಿಸುವುದು ಅವರ ಪುಸ್ತಕದಲ್ಲಿರುವ ವಿಳಾಸಕ್ಕೆ. ಅದು ಹೆಚ್ಚಾಗಿ ಮೊದಲ ಮಾಲೀಕರದ್ದೇ ಇರುತ್ತದೆ. ನಿಮ್ಮ ಕಾರಿನ ಪತ್ರ ಎಂದೋ ಮಂಗಳೂರಿನ ಯಾವುದೋ ಮನೆಗೆ ಹೋಗಿರಲೂಬಹುದು. ನಮ್ಮ ಗಡಿ ಊರುಗಳಲ್ಲಿ ಆ ಕಡೆಯಿಂದ ಬಂದ ಕಾರುಗಳೇ ಜಾಸ್ತಿ. ಹಾಗಾಗಿ ಈ ವಿಷಯದಲ್ಲಿ ನನಗೆ ನಿಜಕ್ಕೂ ಆತಂಕ.

ರೀಕಾಲ್ ಅಂಟಿಕೊಂಡಿರುವುದು ಚಾಸಿಸ್ ನಂಬರಿಗೆ. ಮಾಲೀಕರು ಬದಲಾದರೂ, ನಂಬರ್ ಪ್ಲೇಟ್ ಬದಲಾದರೂ ಅದು ಹೋಗುವುದಿಲ್ಲ. ಆರ್‌ಸಿಯಲ್ಲಿ 17 ಅಕ್ಷರ, ಅಂಕಿಗಳ ಚಾಸಿಸ್ ನಂಬರ್ ಇರುತ್ತದೆ. ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರ ಬಳಸುವುದಿಲ್ಲ. ಓ ಹಾಗೆ ಕಂಡರೆ ಸೊನ್ನೆ ಒತ್ತಿ. ಕಂಪನಿಯ ವೆಬ್‌ಸೈಟಿನಲ್ಲಿ ರೀಕಾಲ್ ಪುಟವಿದ್ದರೆ ಅಲ್ಲಿ ಹಾಕಿ ನೋಡಿ. ಇಲ್ಲದಿದ್ದರೆ ಕಸ್ಟಮರ್ ಕೇರಿಗೆ ಆ ನಂಬರ್ ಕೊಟ್ಟು, ಉತ್ತರವನ್ನು ಇಮೇಲಿನಲ್ಲೇ ಕೇಳಿ. ಕೌಂಟರಿನಲ್ಲಿ ಬಾಯಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ. ರೀಕಾಲ್ ಇದ್ದರೆ ಆ ಕೆಲಸ ಮಂಗಳೂರಾಗಲಿ, ಕಾಸರಗೋಡಾಗಲಿ, ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಉಚಿತ. ವಾರಂಟಿ ಮುಗಿದಿದೆ ಎಂಬ ನೆಪ ನಡೆಯುವುದಿಲ್ಲ.

ನಿಮ್ಮ ತಮ್ಮ ಹೇಳಿದ್ದು ಟಕಾಟಾ ಎಂಬ ಜಪಾನಿನ ಕಂಪನಿಯ ಏರ್‌ಬ್ಯಾಗ್ ವಿಷಯ. ಚೀಲವನ್ನು ಕ್ಷಣದಲ್ಲಿ ಉಬ್ಬಿಸಲು ಲೋಹದ ಡಬ್ಬಿಯೊಳಗೆ ಒಂದು ರಾಸಾಯನಿಕ ಉರಿಯಬೇಕು. ಇವರು ಅದಕ್ಕೆ ಅಮೋನಿಯಂ ನೈಟ್ರೇಟ್ ಬಳಸಿದರು. ತೇವ ಹೀರುವ ಪದಾರ್ಥವನ್ನು ಬಹುಪಾಲು ಡಬ್ಬಿಗಳಲ್ಲಿ ಹಾಕಲಿಲ್ಲ. ಸೆಕೆ ಮತ್ತು ತೇವ ವರ್ಷಗಟ್ಟಲೆ ತಾಗಿ ಆ ರಾಸಾಯನಿಕ ಹಾಳಾಗುತ್ತದೆ. ಆಮೇಲೆ ಅಪಘಾತವಾದಾಗ ಅದು ಬೇಕಾದ್ದಕ್ಕಿಂತ ಜೋರಾಗಿ ಉರಿದು ಡಬ್ಬಿಯೇ ಒಡೆಯುತ್ತದೆ. ಚೂರುಗಳು ನೇರ ಮುಖ, ಕುತ್ತಿಗೆಗೆ. ಸಣ್ಣ ಗುದ್ದಿನಲ್ಲಿ ಬದುಕಬೇಕಾದವರು ಹೀಗೆ ಸತ್ತಿದ್ದಾರೆ. ಪ್ರಪಂಚದಲ್ಲಿ ಹಲವು ಕಂಪನಿಗಳು ಸೇರಿ 10 ಕೋಟಿಗೂ ಹೆಚ್ಚು ಡಬ್ಬಿಗಳನ್ನು ವಾಪಸ್ ಕರೆಸಿದವು. 2017ರಲ್ಲಿ ಟಕಾಟಾ ದಿವಾಳಿಯಾಯಿತು. ಅಮೆರಿಕದಲ್ಲಿ ಫ್ಲೋರಿಡಾದಂಥ ಬಿಸಿ, ತೇವದ ಜಾಗಗಳಿಗೆ ಮೊದಲ ಆದ್ಯತೆ ಕೊಟ್ಟರು. ನಮ್ಮ ಕರಾವಳಿ ಅದಕ್ಕಿಂತ ಒಣಗಿದ ಜಾಗವಾ ಹೇಳಿ! ನಾಲ್ಕು ತಿಂಗಳು ಮಳೆ, ಉಳಿದ ಕಾಲ ಬೆವರು. ಹಳೇ ಕಾರು ಇರುವವರು ಇಲ್ಲಿ ಇನ್ನೂ ಬೇಗ ನೋಡಿಸಿಕೊಳ್ಳಬೇಕು.

ಈಗ ಲೈಟ್. ಅದು ಬೇರೆಯೇ ವಿಷಯ. ಡಬ್ಬಿಯೊಳಗೆ ರಾಸಾಯನಿಕ ಹಾಳಾದರೆ ಯಾವ ಲೈಟೂ ಹತ್ತುವುದಿಲ್ಲ. ಲೈಟ್ ತೋರಿಸುವುದು ವೈರಿಂಗ್, ಸೆನ್ಸರ್‌ನಂಥ ಕರೆಂಟ್ ಕಡೆಯ ದೋಷ. ಸ್ಟೇರಿಂಗ್ ಕೆಳಗಿನ ಸ್ಪೈರಲ್ ಕೇಬಲ್ ತುಂಡಾಗಿರಬಹುದು, ಸೀಟಿನ ಕೆಳಗಿನ ಕನೆಕ್ಟರ್ ಸಡಿಲವಾಗಿರಬಹುದು. ಹಾರ್ನ್ ಕೂಡ ಒಮ್ಮೊಮ್ಮೆ ಕೈಕೊಡುತ್ತಿದ್ದರೆ ಸ್ಪೈರಲ್ ಕೇಬಲ್ ಮೇಲೆಯೇ ನನ್ನ ಅನುಮಾನ. ಲೈಟ್ ಹತ್ತಿದ್ದಾಗ ಗುದ್ದಿದರೆ ಏರ್‌ಬ್ಯಾಗ್ ತೆರೆಯದೇ ಇರಬಹುದು. ಅದನ್ನು ಬೇರೆಯಾಗಿ ಸ್ಕ್ಯಾನ್ ಮಾಡಿಸಿ.

ಇನ್ನೊಂದು. ಈ ಕಾರು ಹಿಂದೆ ಗುದ್ದಿ, ಗುಜರಿಯಿಂದ ತಂದ ಏರ್‌ಬ್ಯಾಗ್ ಹಾಕಿಸಿದ್ದರೆ ಚಾಸಿಸ್ ನಂಬರಿನಲ್ಲಿ ಅದು ಗೊತ್ತಾಗುವುದಿಲ್ಲ. ಅನುಮಾನವಿದ್ದರೆ ಬಿಚ್ಚಿ ಪಾರ್ಟ್ ನಂಬರ್ ನೋಡಲು ಹೇಳಿ.

ಪ್ರಶ್ನೆ (ಮಂಜೇಶ್ವರದ ಸದಸ್ಯರು): ನನ್ನ 2019ರ ಪೆಟ್ರೋಲ್ ಕಾರು ಹೈವೇಯಲ್ಲಿ ಓಡುತ್ತಿರುವಾಗಲೇ ಬಂದ್ ಬೀಳುತ್ತದೆ. ತಲಪಾಡಿ ಹತ್ತಿರ ಹಿಂದೆ ಲಾರಿ ಇತ್ತು, ಸ್ವಲ್ಪದರಲ್ಲಿ ತಪ್ಪಿತು. ಸರ್ವಿಸ್‌ನವರು "ಎಲ್ಲ ಓಕೆ" ಎಂದೇ ಕಳಿಸುತ್ತಾರೆ. ಯಾರಿಗೆ ದೂರು ಕೊಡುವುದು?

ಉತ್ತರ: ಮೊದಲು ಫ್ಯೂಯಲ್ ಪಂಪ್ ರೀಕಾಲ್ ಉಂಟಾ ನೋಡಿ. 2020ರಲ್ಲಿ ಮಾರುತಿ 1,34,885 ವ್ಯಾಗನ್‌ಆರ್ ಮತ್ತು ಬಲೆನೊ ಕಾರುಗಳನ್ನು ಇದೇ ಪಂಪಿಗಾಗಿ ಕರೆಸಿತ್ತು. ಹೋಂಡಾ ಕೂಡ 2020ರಲ್ಲಿ ಮತ್ತು 2024ರಲ್ಲಿ ಕರೆಸಿತು. ಹೋಂಡಾದ ಪಂಪುಗಳಲ್ಲಿ ದೋಷವಿದ್ದದ್ದು ಒಳಗಿನ ಪ್ಲಾಸ್ಟಿಕ್ ಚಕ್ರದಲ್ಲಿ. ಚಕ್ರ ಸಿಕ್ಕಿಕೊಂಡರೆ ಪೆಟ್ರೋಲ್ ನಿಲ್ಲುತ್ತದೆ, ಇಂಜಿನ್ ಬಂದ್. ನಿಮ್ಮದು ಯಾವ ಕಂಪನಿಯದ್ದೇ ಇರಲಿ, ಚಾಸಿಸ್ ನಂಬರ್ ಹಾಕಿ ನೋಡಿ.

ಸರ್ವಿಸ್‌ನವರು ದೂರು ಬರೆದುಕೊಳ್ಳುವ ಜಾಬ್ ಕಾರ್ಡ್‌ನಲ್ಲಿ "ಜನರಲ್ ಚೆಕಪ್" ಎಂದು ಬರೆಯಲು ಬಿಡಬೇಡಿ. "ಓಡುವಾಗ ಇಂಜಿನ್ ನಿಂತಿತು" ಎಂದೇ ಬರೆಸಿ, ಅಲ್ಲೇ ಫೋಟೋ ತೆಗೆಯಿರಿ. ಮುಂದೆ ನಿಮ್ಮ ಕೈಯಲ್ಲಿ ಇರುವುದು ಆ ಕಾಗದ ಮಾತ್ರ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 110ಎ ಕಲಂ ಸೇರಿದ ಮೇಲೆ ಕೇಂದ್ರ ಸರ್ಕಾರವೇ ರೀಕಾಲ್ ಮಾಡಿಸಬಹುದು. ಅದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ದೂರು ಕೊಡಲು ಸಾರಿಗೆ ಇಲಾಖೆಯ ವಾಹನ್ ಜಾಲತಾಣದಲ್ಲಿ ಜಾಗವಿದೆ. ಅದು ತಯಾರಾಗಿ ಏಳು ವರ್ಷದೊಳಗಿನ ಗಾಡಿಗಳಿಗೆ ಮಾತ್ರ, ಆದ್ದರಿಂದ ನಿಮ್ಮ ಗಾಡಿಯ ತಯಾರಿಕೆ ತಿಂಗಳು ನೋಡಿಕೊಳ್ಳಿ. ಒಬ್ಬರೇ ಕೊಟ್ಟರೆ ಸಾಲದು. ಒಂದೇ ಮಾಡೆಲಿನ ದೂರುಗಳ ಸಂಖ್ಯೆ ಒಂದು ಮಿತಿ ಮುಟ್ಟಿದರೆ ಸರ್ಕಾರ ಎದ್ದು ನೋಡುತ್ತದೆ. ಹಾಗಾಗಿ ನಿಮ್ಮ ಮಾಡೆಲಿನವರನ್ನೂ ಕೊಡಲು ಹೇಳಿ.

ನಿಮ್ಮ ನಷ್ಟಕ್ಕೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಗ್ರಾಹಕ ಆಯೋಗ. ಕಾರು ಮಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನಲ್ಲೇ ದೂರು ಹಾಕಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ತೊಂದರೆ ಶುರುವಾಗಿ ಎರಡು ವರ್ಷದೊಳಗೆ ಹಾಕಬೇಕು.

ಪ್ರಶ್ನೆ (ಬದಿಯಡ್ಕದ ಸದಸ್ಯೆ): ಅಷ್ಟರವರೆಗೆ ಏರ್‌ಬ್ಯಾಗ್ ಫ್ಯೂಸ್ ತೆಗೆದಿಡಲೇ ಅಣ್ಣಾ?

ಉತ್ತರ: ಬೇಡ ಅಕ್ಕಾ, ಯಾವ ಮೆಕ್ಯಾನಿಕ್ ಹೇಳಿದರೂ ಬೇಡ. ಚಾಸಿಸ್ ನಂಬರಿನಲ್ಲಿ ರೀಕಾಲ್ ಬಂದರೆ, ಓಡಿಸಬಹುದಾ ಎಂದು ಕಂಪನಿಯನ್ನೇ ಕೇಳಿ. ಅಮೆರಿಕದಲ್ಲಿ ಕೆಲವು ಹಳೇ ಕಾರುಗಳವರಿಗೆ ಬದಲಾಯಿಸುವವರೆಗೆ ಓಡಿಸಲೇಬೇಡಿ ಎಂದಿದ್ದರು. ನಿಮಗೂ ಹಾಗೆ ಹೇಳಿದರೆ ಟೋ ಮಾಡಿ ಕೊಂಡೊಯ್ಯಲು ಹೇಳಿ. ನಾಳೆಯೇ ಫೋನ್ ಮಾಡಿ, ಏನು ಹೇಳಿದರು ಎಂದು ಇಲ್ಲಿ ಹಾಕಿ.