ನಾಲ್ಕನೇ ಸುತ್ತಿಗೇ ನಿಂತು ಹೋಗುವ ಸಂತೆ ಆಟ: ದಯವಿಟ್ಟು ಯಾರಾದ್ರೂ ನೋಡಿ

ಕೋಟೆಹುಡುಗ (ಚಿತ್ರದುರ್ಗ): ಮೂರು ತಿಂಗಳಿಂದ ಒಂದು ಬೋರ್ಡ್ ಗೇಮ್ ಮಾಡ್ತಾ ಇದ್ದೇನೆ. ಶಾತವಾಹನರ ಕಾಲದ, ಅಂದ್ರೆ ಸುಮಾರು ಎರಡು ಸಾವಿರ ವರ್ಷ ಹಿಂದಿನ, ನಮ್ಮೂರ ಪಕ್ಕದ ಚಂದ್ರವಳ್ಳಿ ಸಂತೆ. ದಾಳ ಹಾಕಿ ಸರಕು ತರಬೇಕು, ಸಂತೆಯಲ್ಲಿ ಮಾರಬೇಕು, ಕೊನೆಗೆ ಜಾಸ್ತಿ ನಾಣ್ಯ ಇದ್ದವರು ಗೆದ್ದ ಹಾಗೆ. ಮೂರು ಸುತ್ತು ಚೆನ್ನಾಗಿ ಓಡುತ್ತೆ. ನಾಲ್ಕಕ್ಕೆ ಬಂದ್ರೆ ಎಲ್ಲರೂ ಮೂಟೆ ಇಟ್ಟುಕೊಂಡು ಸುಮ್ನೆ ಕೂರ್ತಾರೆ. ನಿನ್ನೆ ತಂಗಿ ಅರ್ಧಕ್ಕೇ ಎದ್ದು ಹೋಗಿ ಮಂಡಕ್ಕಿಗೆ ಒಗ್ಗರಣೆ ಹಾಕಿದಳು. ನಿಯಮ ಹನ್ನೊಂದು ಸಲ ಬದಲಾಯಿಸಿ ಆಯ್ತು. ತಲೆ ಕೆಟ್ಟಿದೆ.

ದಾಳಪ್ಪ: ಎಷ್ಟು ದಾಳ? ಮೆಣಸು ಯಾವ ನಂಬರಿಗೆ?

ಕೋಟೆಹುಡುಗ: ಎರಡು ದಾಳ. ಮೆಣಸು 7ಕ್ಕೆ.

ದಾಳಪ್ಪ: ಸಿಕ್ತು ನೋಡು! ಎರಡು ದಾಳ 36 ಬಗೆಯಲ್ಲಿ ಬೀಳುತ್ತೆ. ಅದರಲ್ಲಿ 7 ಆರು ಬಗೆ, 11 ಎರಡೇ ಬಗೆ. ಬೆಲೆಬಾಳುವ ಸರಕನ್ನು 7ಕ್ಕೆ ಇಟ್ಟರೆ ಎಲ್ಲರ ಹತ್ತಿರವೂ ಅದೇ ತುಂಬುತ್ತೆ. 11ಕ್ಕೆ ಹಾಕು, ಮುಗೀತು.

ಕೋಟೆಹುಡುಗ: ಹಾಕಿ ಆಡಿದೆವು ಅಣ್ಣ. ಈಗ ಮೆಣಸಿನ ಬದಲು ಮಣಿ ಹಿಡಿದುಕೊಂಡು ಕೂತರು. ಕಾರ್ಡಿನ ಫೋಟೋ ಹಾಕಿದ್ದೇನೆ ನೋಡಿ.

ದಾಳಪ್ಪ: ಹಾಗಾದ್ರೆ ಮೂರು ದಾಳ ಮಾಡು.

ಹಳೇನಾಣ್ಯ: ಫೋಟೋ ನೋಡಿದೆ. ಮೆಣಸಿನ ಕಾರ್ಡಿನಲ್ಲಿ ಕೆಂಪು ಮೆಣಸಿನಕಾಯಿ ಬರೆದಿದ್ದೀರಲ್ಲ ಸರ್! ಅದು ಬಂದಿದ್ದು ಪೋರ್ಚುಗೀಸರ ಜೊತೆ. ನಿಮಗೆ ಬೇಕಾಗಿರೋದು ಕಾಳುಮೆಣಸು.

ಕೋಟೆಹುಡುಗ: ಚಿತ್ರ ಬರೆದ ಹುಡುಗನಿಗೆ ‘ಮೆಣಸು’ ಅಂತಷ್ಟೇ ಹೇಳಿದ್ದೆ. ತಿದ್ದಿಸ್ತೇನೆ. ಮುಖ್ಯ ಸಮಸ್ಯೆ ಅದಲ್ಲ.

ಹಳೇನಾಣ್ಯ: ಪಕ್ಕದಲ್ಲಿ ಶೇಂಗಾ ಕಾರ್ಡೂ ಇದೆ. ಚಳ್ಳಕೆರೆ ಮೇಲಿನ ಅಭಿಮಾನ ಸರಿ, ಆದರೆ ಶೇಂಗಾ ಕೂಡ ಅಮೆರಿಕದ ಬೆಳೆ.

ಬೆಣ್ಣೆದೋಸೆ: ಆಟ ತಾನೇ ಗುರು, ಇರಲಿ ಬಿಡಿ. ರೋಮಿನ ಬಂಗಾರದ ನಾಣ್ಯ ಇಟ್ಟರೆ ಇನ್ನೂ ಚೆನ್ನಾಗಿರುತ್ತೆ.

ಹಳೇನಾಣ್ಯ: ಬೆಳ್ಳಿ! ಚಂದ್ರವಳ್ಳಿಯಲ್ಲಿ ಸಿಕ್ಕಿದ್ದು ರೋಮಿನ ಬೆಳ್ಳಿ ನಾಣ್ಯ ದಿನಾರಿಯಸ್, ಚಕ್ರವರ್ತಿ ಟೈಬೀರಿಯಸ್ ಕಾಲದ್ದು. 1947ರಲ್ಲಿ ಪುರಾತತ್ವಜ್ಞ ವೀಲರ್ ಬ್ರಹ್ಮಗಿರಿಯ ಜೊತೆ ಇಲ್ಲೂ ಅಗೆಸಿದ್ದರು. ಶಾತವಾಹನರ ಕಾಲದ ಚಿಲ್ಲರೆ ಅಂದ್ರೆ ಸೀಸದ ನಾಣ್ಯ.

ಬೆಣ್ಣೆದೋಸೆ: ಸರಿ ಸರ್, ಬೆಳ್ಳಿ. ನನ್ನ ಆಟದ ಬೋರ್ಡು ತೇಗದ್ದು, ದಾವಣಗೆರೆಯಲ್ಲೇ ಲೇಸರ್ ಕಟಿಂಗ್ ಮಾಡಿಸಿದ್ದು. ಮೂಟೆಗೆ ಸಣ್ಣ ಸಣ್ಣ ಗೋಣಿಚೀಲ ಹೊಲಿಸಿದ್ದೇನೆ, ಒಳಗೆ ನಿಜವಾದ ನವಣೆ ತುಂಬಿದ್ದೇನೆ.

ದಾಳಪ್ಪ: ನವಣೆಗೆ ಹುಳ ಬೀಳಲ್ವಾ?

ಬೆಣ್ಣೆದೋಸೆ: ಒಂದು ಸಲ ಬಿತ್ತು.

ಮಂಡಿಮನುಷ್ಯ: ಒಂದು ಕೇಳ್ತೀನಿ ತಮ್ಮ. ಮೂಟೆ ಮಾರಿದಾಗ ದುಡ್ಡು ಯಾರು ಕೊಡ್ತಾರೆ?

ಕೋಟೆಹುಡುಗ: ಸಂತೆ ಪೆಟ್ಟಿಗೆಯಿಂದ ಅಣ್ಣ. ನಾಣ್ಯ ಅಂತ 40 ವಾಷರ್ ತಂದಿದ್ದೆ, ಅಂಗಡಿಯಲ್ಲಿ ಇದ್ದಿದ್ದೇ ಅಷ್ಟು. ನಾಲ್ಕು ಜನಕ್ಕೆ ತಲಾ 5, ಪೆಟ್ಟಿಗೆಯಲ್ಲಿ 20. ಯಾವ ಮೂಟೆಗಾದರೂ 4. ಪೆಟ್ಟಿಗೆ ಖಾಲಿ ಆದ್ರೆ ಮಾರುವ ಹಾಗಿಲ್ಲ, ಗೊತ್ತಿರೋದೇ ಅಲ್ವಾ?

ಮಂಡಿಮನುಷ್ಯ: ಇದನ್ನ ಮೊದಲೇ ಹೇಳೋದಲ್ವೇನಪ್ಪಾ! ಐದು ಮೂಟೆ ಮಾರಿದರೆ ಪೆಟ್ಟಿಗೆ ಖಾಲಿ. ಆಮೇಲೆ ಯಾರಿಗೆ ಮಾರಬೇಕು? ಆಡೋರ ಕೈಗೆ ಹೋದ ದುಡ್ಡು ಪೆಟ್ಟಿಗೆಗೆ ವಾಪಸ್ ಬರೋ ದಾರಿನೇ ಇಲ್ಲ. ಸಂತೆಗೆ ಬಂದವರೆಲ್ಲ ಸುಂಕ ಕಟ್ಟಲಿ, ಎತ್ತಿನ ಗಾಡಿಗೆ ಬಾಡಿಗೆ ಕೊಡಲಿ, ಎರಡೂ ಪೆಟ್ಟಿಗೆಗೆ. ರೇಟೂ ಒಂದೇ ಇಡಬೇಡ. ನಮ್ಮ ಮಂಡಿಗೆ ಮೆಕ್ಕೆಜೋಳ ಒಂದೇ ದಿನ ರಾಶಿ ಬಂದ್ರೆ ರೇಟು ನಿಲ್ಲುತ್ತಾ? ಮೊದಲ ಮೂಟೆಗೆ 4, ಅದೇ ಸರಕಿನ ಮುಂದಿನದಕ್ಕೆ 3, 2, 1. ಯಾರೂ ಮಾರದ ಸುತ್ತಿನಲ್ಲಿ ಒಂದು ಏರಲಿ. ಆಗ ಮೂಟೆ ಹಿಡಿದು ಕೂರೋದಕ್ಕೂ ಒಂದು ಅರ್ಥ ಬರುತ್ತೆ.

ಕೋಟೆಹುಡುಗ: ಅಯ್ಯೋ. ಹನ್ನೊಂದು ಸಲ ನಿಯಮ ಬದಲಾಯಿಸಿದೆ, ಪೆಟ್ಟಿಗೆ ಮಾತ್ರ ಮುಟ್ಟಿರಲಿಲ್ಲ. ಭಾನುವಾರ ಆಡಿ ಹೇಳ್ತೇನೆ, ತಂಗಿ ಒಪ್ಪಿದರೆ.

ದಾಳಪ್ಪ: ಆದ್ರೂ ಮೂರು ದಾಳ ಒಂದು ಸಲ ನೋಡು.

ಬೆಣ್ಣೆದೋಸೆ: ವಾಷರ್ ಎಷ್ಟು ಎಂಎಂದು ಗುರು?