ಸಹಾಯ ಬೇಕು: ಚೆಸ್ ಕ್ಲಬ್ ಕಾರ್ಯದರ್ಶಿ ಆಗಲು ಒಪ್ಪಿಕೊಳ್ಳಲಾ?

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಒಂದು ಚೆಸ್ ಕ್ಲಬ್‌ನಲ್ಲಿದ್ದೇನೆ. ಈಗಿನ ಕಾರ್ಯದರ್ಶಿ ಮುಂದಿನ ತಿಂಗಳು ಬಿಡುತ್ತಿದ್ದಾರೆ. ಆ ಜಾಗಕ್ಕೆ ನೀವೇ ಬನ್ನಿ ಅಂತ ಎಲ್ಲರೂ ಒತ್ತಾಯ ಮಾಡುತ್ತಿದ್ದಾರೆ. ಸಂಬಳ ಇಲ್ಲದ ಕೆಲಸ, ಅದರ ಬಗ್ಗೆ ನನಗೆ ಬೇಸರವಿಲ್ಲ. ಈ ಕ್ಲಬ್ ಮುಚ್ಚಿಹೋಗುವುದನ್ನು ಮಾತ್ರ ನೋಡಲಾರೆ.

ಕೆಲಸ ಏನೇನು ಅಂತ ಅವರ ಜೊತೆ ಕೂತು ಕೇಳಿದೆ. ಸಭೆ ಕರೆಯುವುದು, ನಡಾವಳಿ ಬರೆಯುವುದು, ಸದಸ್ಯತ್ವದ ಹಣದ ಲೆಕ್ಕ, ಟೂರ್ನಮೆಂಟ್ ದಿನ ಪ್ರತಿ ಸುತ್ತಿಗೂ ಒಂದೇ ಅಂಕ ಇರುವವರನ್ನು ಹುಡುಕಿ ಜೋಡಿ ಹಾಕುವುದು, ಜಗಳ ಬಂದರೆ ಬಿಡಿಸುವುದು. ಇಷ್ಟನ್ನೂ ಅವರೊಬ್ಬರೇ ಮಾಡುತ್ತಿದ್ದರು! ಎರಡು ವಾರ ಜೊತೆಗಿದ್ದು ನೋಡಿದೆ. ವಾರಕ್ಕೆ ಐದಾರು ಗಂಟೆ ಬೇಕೇ ಬೇಕು. ಆಟ ಆಡಲು ಒಂದು ಸಲವೂ ಸಮಯ ಸಿಗಲಿಲ್ಲ.

ಕೆಲಸ ಹಂಚಿಕೊಳ್ಳೋಣ ಅಂತ ಗುಂಪಿನಲ್ಲಿ ಕೇಳಿದೆ. ಎಲ್ಲರೂ "ಖಂಡಿತ ಸಹಾಯ ಮಾಡ್ತೀವಿ" ಅಂದರು, ಆದರೆ ಇಂಥ ಕೆಲಸ ನನ್ನದು ಅಂತ ಒಬ್ಬರೂ ಹೇಳಲಿಲ್ಲ. ಲೆಕ್ಕವನ್ನಾದರೂ ಬೇರೆಯವರು ನೋಡಿಕೊಂಡರೆ ಒಳ್ಳೆಯದು ಅಂತ ನನಗನಿಸುತ್ತದೆ. ಹಣ, ಅಧಿಕಾರ ಎರಡೂ ಒಬ್ಬರ ಕೈಯಲ್ಲೇ ಇರಬಾರದು ಅಲ್ವಾ?

ನನ್ನ ಗೊಂದಲ ಇಷ್ಟೇ. ಮೊದಲು ಒಪ್ಪಿಕೊಂಡು ಆಮೇಲೆ ಕೆಲಸ ಹಂಚಿದರೆ ಜನ ಮುಂದೆ ಬರುತ್ತಾರಾ? ಅಥವಾ ಖಜಾಂಚಿಯೊಬ್ಬರು ಸಿಕ್ಕರೆ ಮಾತ್ರ, ಅದೂ ಒಂದು ವರ್ಷಕ್ಕೆ ಅಂತ ಈಗಲೇ ಷರತ್ತು ಹಾಕಲಾ? ಇಂಥ ಜವಾಬ್ದಾರಿ ಹೊತ್ತವರು ನೀವು ಹೇಗೆ ಮಾಡಿದಿರಿ, ದಯವಿಟ್ಟು ತಿಳಿಸಿ.